ರಾಣಿಗೆ ನಾಲ್ಕು ಹಾಳೆ

ನಾನು ಬಬಲೇಶ್ವರದ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ತಪ್ಪು ಹುಡುಕುವುದು ನನ್ನ ನೌಕರಿಯೂ ಹೌದು, ಚಟವೂ ಹೌದು. ಎರಡು ವರ್ಷದ ಹಿಂದೆ ನಮ್ಮ ಶಾಲೆಯ ಕನ್ನಡ ಮಾಸ್ತರರು ಒಂದು ಐತಿಹಾಸಿಕ ನಾಟಕ ಬರೆದು, "ಹೆಂಗೈತಿ ನೋಡಿ ಹೇಳ್ರಿ" ಎಂದು ನನ್ನ ಕೈಗಿಟ್ಟರು. ಹೀಗೆ ಕೇಳುವವರಿಗೆ ಬೇಕಾಗಿರುವುದು "ಛಲೋ ಐತ್ರಿ" ಎಂಬ ಒಂದೇ ಮಾತು ಎಂದು ನನಗೆ ಗೊತ್ತಿರಲಿಲ್ಲ ಎಂದೇನಲ್ಲ. ಆದರೂ ಕೆಂಪು ಪೆನ್ನು ಹಿಡಿದು ಎರಡು ಹಾಳೆ ತುಂಬ ಬರೆದುಕೊಟ್ಟೆ. ಅವರು ಓದಿ, ಮಡಚಿ, ಟೇಬಲ್ಲಿನ ಡ್ರಾದಲ್ಲಿ ಹಾಕಿದರು. ಆವತ್ತಿನಿಂದ ಮಧ್ಯಾಹ್ನದ ಊಟದಲ್ಲಿ ಅವರ ಮನೆಯ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ನನ್ನ ಕಡೆ ಬರುವುದು ನಿಂತಿತು.

ಬರೀ ತಪ್ಪು ಹೇಳಿದರೆ ಸಾಲದು, ಬರೆದು ತೋರಿಸಬೇಕು ಎಂಬ ಜಂಬದಲ್ಲಿ ನಾನೇ ಒಂದು ನಾಟಕ ಬರೆದೆ. ಆದಿಲಶಾಹಿ ಕಾಲ, ಎಳೆಯ ಮಗನ ಹೆಸರಲ್ಲಿ ರಾಜ್ಯ ಆಳಿದ ಒಬ್ಬ ರಾಣಿ, ನಾನೇ ಕಲ್ಪಿಸಿಕೊಂಡವಳು. ವಿಜಯಪುರದ ಹೆಣ್ಣುಮಗಳು ಬರೆದ ರಾಣಿ ಎಂದರೆ ಸುಮ್ಮನೆಯೇ! ಬರೆಯುತ್ತ ಬರೆಯುತ್ತ ನನ್ನ ಕಣ್ಣಲ್ಲೇ ನೀರು ಬಂತು.

ಹೊನವಾಡದ ಒಂದು ನಾಟಕ ತಂಡ ಅದನ್ನು ಆಡಲು ಒಪ್ಪಿತು. ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕೂತು ಇಡೀ ನಾಟಕ ಓದಿದೆ. ನಾಟಕ ಕಲಿಸುವವರು ದ್ರಾಕ್ಷಿ ತೋಟದ ಮಾಲೀಕರು. ಮೊದಲ ದೃಶ್ಯ ಮುಗಿಯುತ್ತಲೇ ಕೈ ಎತ್ತಿದರು.

"ಟೀಚರ, ಇಷ್ಟು ಇತಿಹಾಸ ಕೇಳಿದ್ರ ಮಂದಿ ಚುರಮರಿ ತರ್ತೀವಿ ಅಂತ ಎದ್ದು ಹೋಗಿ ಹೊಳ್ಳಿ ಬರೂದಿಲ್ರಿ."

ರಾಣಿಯ ದರ್ಬಾರಿನ ಸರದಾರನ ಪಾತ್ರ ಹಿಡಿದವರು ಊರಲ್ಲಿ ನೀರಿನ ಮೋಟಾರು ರಿಪೇರಿ ಮಾಡುವವರು. ಅವರ ಸಂಕಟವೇ ಬೇರೆ. "ನಾ ಎರಡನೇ ಅಂಕದಾಗ ಸತ್ರ ಹೆಂಗ್ರಿ? ಘೋಣಸಗಿಯಿಂದ ಬೀಗರು ಉಂಡು ಬರೂದ್ರಾಗ ಮೂರನೇ ಅಂಕ ಬಂದಿರತೈತಿ. ಅವರೇನು ಖಾಲಿ ಸ್ಟೇಜ ನೋಡಬೇಕೇನು?"

ಇತಿಹಾಸ ಕತ್ತರಿಸಿದೆ. ಬೀಗರ ಊಟದ ಸಲುವಾಗಿ ಸರದಾರನನ್ನು ಒಂದು ಅಂಕ ಹೆಚ್ಚಿಗೆ ಬದುಕಿಸಿದೆ. ಆದರೆ ರಾಣಿಯ ಒಂದು ಮಾತನ್ನೂ ಮುಟ್ಟಬಾರದು ಎಂದು ಹಟ ಹಿಡಿದೆ. ಎಲ್ಲರೂ ಒಂದೇ ಸಲಕ್ಕೆ ಹೂಂ ಅಂದರು. ಅಷ್ಟು ಸಲೀಸಾಗಿ ಗಂಡಸರು ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು.

ನಮ್ಮ ಕಡೆ ಹಳ್ಳಿ ನಾಟಕಗಳಿಗೆ ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅವರಿಗೆ ಪೂರ್ತಿ ನಾಟಕ ಕೊಡುವ ರೂಢಿಯಿಲ್ಲ. ಅವರವರ ಮಾತು, ಅದಕ್ಕೆ ಮುಂಚೆ ಮಾತಾಡುವವರ ಕೊನೆಯ ಎರಡು ಶಬ್ದ, ಇಷ್ಟನ್ನೇ ಬರೆದು ಕಳಿಸುತ್ತಾರೆ. ರಾಣಿಯ ಪಾತ್ರಕ್ಕೆ ವಿಜಯಪುರದಲ್ಲೇ ಇರುವ ಹಿರಿಯ ಕಲಾವಿದೆಯೊಬ್ಬರು ಒಪ್ಪಿದ್ದರು. ಅವರ ಮಾತುಗಳನ್ನು ನಾನೇ ದುಂಡಗೆ ಬರೆದೆ. ಸರದಾರನದು ಹತ್ತೊಂಬತ್ತು ಹಾಳೆ ಆಗಿತ್ತು. ರಾಣಿಯದು ನಾಲ್ಕಕ್ಕೇ ಮುಗಿಯಿತು. ರಾಣಿಯ ಮೌನಕ್ಕೆ ತೂಕ ಜಾಸ್ತಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ವಾರದ ಮೇಲೆ ಆ ಕಲಾವಿದೆ ನನ್ನನ್ನು ಮನೆಗೆ ಕರೆದರು. ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದರು. ಹೊಗಳಿಕೆ ಕೇಳುವ ತಯಾರಿಯಲ್ಲಿ ನಾನೂ ಚಾಪೆಯ ಮೇಲೆ ಕೂತೆ. ಅವರು ಕೈ ಒರೆಸಿಕೊಂಡು ಹಾಳೆ ಎತ್ತಿ, ಕಿರಾಣಿ ಚೀಟಿ ಓದಿದ ಹಾಗೆ ಓದತೊಡಗಿದರು.

"'ಮುಂದೇನು, ಸರದಾರರೇ?' 'ಹಾಗಾದರೆ ಯುದ್ಧವೇ?' 'ಯಾ ಖುದಾ!' 'ಮುಂದೇನು?' 'ನಿಮ್ಮ ಇಚ್ಛೆಯಂತೆಯೇ ಆಗಲಿ.'" ಹಾಳೆ ಕೆಳಗಿಟ್ಟರು. "ಅಕ್ಕಾರ, ಇಕಿ ರಾಜ್ಯ ಆಳಾಕತ್ತಾಳೋ, ದರ್ಬಾರಿಗೆ ದಾರಿ ಕೇಳಾಕ ಬಂದಾಳೋ?"

"ಇಡೀ ನಾಟಕ ಓದಿದ್ರ ಗೊತ್ತಾಗತೈತ್ರಿ," ಎಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು.

"ಇಷ್ಟು ವರ್ಷದಾಗ ಇಡೀ ನಾಟಕ ನನಗ ಯಾರ ಕೊಟ್ಟಾರ್ರಿ? ಗಂಡಸರು ಬರದದ್ದು ಹಿಂಗ ಇರತೈತಿ, ಅದಕ್ಕ ನಾ ಬ್ಯಾಸರಾ ಮಾಡಕೊಳ್ಳೂದಿಲ್ಲ. ಹೆಣ್ಮಗಳು ಬರದಾಳ ಅಂದ್ರು, ಆಸೆಲೆ ಹೂಂ ಅಂದಿದ್ನಿ."

ಮೈಯೆಲ್ಲ ಬೆಂಕಿ ಹತ್ತಿದಂತಾಯಿತು. ಸಿಟ್ಟಲ್ಲ, ನಾಚಿಕೆ. ಮೆಂತ್ಯೆ ಸೋಸಿಕೊಡುವ ನೆಪದಲ್ಲಿ ಮುಖ ಕೆಳಗೆ ಹಾಕಿದೆ.

ಮರುದಿನ ಸ್ಟಾಫ್ ರೂಮಿನಲ್ಲಿ ತಡೆಯಲಾಗದೆ ಕನ್ನಡ ಮಾಸ್ತರರಿಗೆ ಎಲ್ಲ ಹೇಳಿದೆ. ಅವರು ಡ್ರಾ ಎಳೆದು, ನನ್ನದೇ ಎರಡು ಹಾಳೆ ತೆಗೆದು ಮುಂದಿಟ್ಟರು. ಕೆಂಪು ಅಕ್ಷರ, ನಾಲ್ಕನೆಯ ಸಾಲು: "ನಿಮ್ಮ ಹೆಂಗಸರು ಆರತಿ ಹಿಡಿದು ಬರುತ್ತಾರೆ, ಅತ್ತು ಹೋಗುತ್ತಾರೆ. ಇವರಿಗೆ ಬಾಯಿ ಇಲ್ಲವೇ?"

"ಓದಿದಾಗ ಭಾಳ ಸಿಟ್ಟು ಬಂದಿತ್ತು," ಎಂದರು. "ಆದ್ರ ಮಾತು ಖರೆ ಇತ್ತು. ಎರಡು ಸೀನ ತಿದ್ದೇನಿ. ನಿಮಗ ಹೇಳಾಕ ಮನಸಾಗಲಿಲ್ಲ, ಅಷ್ಟ. ಇದನ್ನ ಈಗ ನೀವು ಇಟಗೋರಿ." ಹಿಂಡಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದರು. ಊರಿಗೆಲ್ಲ ಬುದ್ಧಿ ಹೇಳುವ ಬಾಯಿಗೆ ಆ ಹಿಂಡಿಯ ಖಾರ ಸರಿಯಾಗಿಯೇ ತಾಗಿತು.

ಎರಡು ಭಾನುವಾರ ಕೂತು ರಾಣಿಯನ್ನು ಹೊಸದಾಗಿ ಬರೆದೆ. ಸರದಾರ ತಂದ ಒಪ್ಪಂದವನ್ನು ಅವಳು ಓದಿ, ಆಗದು ಎಂದಳು. ಯಾಕೆ ಆಗದು ಎಂದೂ ಹೇಳಿದಳು. ಈ ಸಲ ಬಿಡಿ ಹಾಳೆ ಕಳಿಸಲಿಲ್ಲ. ಟಿಕೋಟಾದಲ್ಲಿ ಝೆರಾಕ್ಸ್ ಮಾಡಿಸಿ, ರಟ್ಟು ಹಾಕಿಸಿ, ಪೂರ್ತಿ ನಾಟಕವನ್ನೇ ಒಯ್ದು ಆ ಕಲಾವಿದೆಯ ಕೈಗೆ ಕೊಟ್ಟೆ. ಅವರು ಅದನ್ನು ಅಂಗೈಯಲ್ಲಿ ತೂಗಿ ನೋಡಿದರು.

ಮುಂದಿನ ತಾಲೀಮಿಗೆ ಅವರೂ ಹೊನವಾಡಕ್ಕೆ ಬಂದರು. ಪ್ರತಿ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನ ಗೆರೆ ಎಳೆದುಕೊಂಡಿದ್ದರು. ನಾನು ಬೈಸಿಕೊಳ್ಳಲು ತಯಾರಾಗಿ ಕೂತೆ. ಅವರು ನನ್ನ ಕಡೆ ನೋಡಲೇ ಇಲ್ಲ. ಕನ್ನಡಕ ಏರಿಸಿ ನೆಟ್ಟಗೆ ಸರದಾರರನ್ನು ನೋಡಿದರು.

"ಯಪ್ಪಾ, ನೀ ಎರಡನೇ ಅಂಕದಾಗ ಸಾಯಬೇಕು."

"ಬೀಗರು ಬರ್ತಾರ್ರಿ ಯವ್ವಾ!"

"ಲಗೂನ ಉಂಡು ಬರಾಕ ಹೇಳು. ನೀ ಸತ್ರ ಅಲ್ಲಾ, ನನಗ ಮಾತಾಡಾಕ ಜಾಗಾ ಸಿಗೂದು?"