ಹೊಟ್ಟೆ ಕಳಚುವ ವಿಮಾನ

ಹೊಟ್ಟೆಯನ್ನು ಕಳಚಿಟ್ಟು ಹಾರಿಹೋಗುವ ವಿಮಾನ ನೋಡಿದ್ದೀರಾ? ನಾನು ಎಂಟು ವರ್ಷದವಳಿದ್ದಾಗಲೇ ನೋಡಿದ್ದೇನೆ, ಅದೂ ಗುಬ್ಬಿಯಲ್ಲಿ, ಪಕ್ಕದ ಮನೆಯ ಪಡಸಾಲೆಯಲ್ಲಿ.

ಆ ಮನೆಯ ಯಜಮಾನರನ್ನು ನಾನು ಅಣ್ಣಯ್ಯ ಎನ್ನುತ್ತಿದ್ದೆ. ಬೆಂಗಳೂರಿನ ವಿಮಾನದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದರು. ಶನಿವಾರ ರೈಲಿಳಿದು ಬಂದರೆ ಕಿವಿಯ ಮೇಲಿನ ಪೆನ್ಸಿಲ್ ಸ್ನಾನಕ್ಕೆ ಹೋದಾಗ ಮಾತ್ರ ಇಳಿಯುತ್ತಿತ್ತು. ಯಾರು ಏನು ಕೇಳಿದರೂ ಒಂದೇ ಮಾತು: "ಸಾಮಾನು ಇಳ್ಸೋಗಂಟ ವಿಮಾನ ಯಾಕ್ ಕಾಯ್ಬೇಕು? ಸಾಮಾನಿನ್ ಡಬ್ಬಿ ಕಳಚಿ ಬುಟ್ಟು ಹೋಗ್ತಾ ಇರ್ಬೇಕು."

ಒಂದು ಸಲ ಬಿದಿರುಕಡ್ಡಿಯಲ್ಲಿ ಅಂಥ ವಿಮಾನದ ಮಾದರಿ ಕಟ್ಟಿ, ಹೊಟ್ಟೆಗೆ ಕಳಚಲು ಬರುವಂತೆ ಉದ್ದನೆಯ ತಗಡಿನ ಡಬ್ಬಿ ಸಿಕ್ಕಿಸಿ, ತೂಕಕ್ಕೆಂದು ಕೊಬ್ಬರಿ ಚೂರು ತುಂಬಿ, ತೊಲೆಗೆ ದಾರದಲ್ಲಿ ತೂಗುಹಾಕಿದ್ದರು. ತಕ್ಕಡಿಯಂತೆ ಸಮನಾಗಿ ನಿಂತಿತ್ತು. ಭಾನುವಾರ ಕಾರ್ಖಾನೆಯ ದೊಡ್ಡ ಇಂಜಿನಿಯರು ಅದನ್ನು ನೋಡಲು ಬರುವವರಿದ್ದರು. ಅವರು ಹೂಂ ಎಂದರೆ ಮಾತ್ರ ಆ ವಿಮಾನದ ನಕ್ಷೆ ಮುಂದಕ್ಕೆ ಹೋಗುತ್ತಿತ್ತು.

ಇಂಜಿನಿಯರು ಬಂದರು. ಅಣ್ಣಯ್ಯ ಮೇಲೆ ಹೊದಿಸಿದ್ದ ಪಂಚೆ ತೆಗೆದರೆ, ವಿಮಾನ ಬಾಲ ಇಳಿಬಿಟ್ಟು ಮೂತಿ ಮೇಲೆತ್ತಿ ನೇತಾಡುತ್ತಿತ್ತು.

"ಡಬ್ಬಿ ಕಳಚೋದು ಆಮೇಲಾಯ್ತು. ಮೊದ್ಲು ಇದು ನೆಟ್ಟಗೆ ನಿಲ್ಲಲಿ ಕಣಯ್ಯ" ಎಂದು ಇಂಜಿನಿಯರು ಕಾಫಿ ಕುಡಿದು ಹೊರಟರು.

ಅಣ್ಣಯ್ಯ ಡಬ್ಬಿ ತೆರೆದು ನೋಡುತ್ತಾ ಕೂತರು. ನಾನು ಕಂಬದ ಹಿಂದಿನಿಂದ ಅಳುತ್ತಾ ಹೇಳಿದೆ: "ಮುಂದ್ಗಡೆ ಕೊಬ್ರಿಯೆಲ್ಲ ನಾನೇ ತಿಂದೆ, ಅಣ್ಣಯ್ಯ."

ಅವರು ಕಿವಿಯ ಪೆನ್ಸಿಲ್ ತೆಗೆದು ನಕ್ಷೆಯ ಅಂಚಿನಲ್ಲಿ ಏನೋ ಗೀಚಿದರು.

"ಒಳಗಿನ ಭಾರ ಹಿಂದುಮುಂದಾದ್ರೆ ಏನ್ ಗತಿ ಅಂತ ನಾನು ಯೋಚ್ನೇನೇ ಮಾಡಿರ್ಲಿಲ್ಲ ಕಣೇ. ಅಳ್ಬೇಡ. ಮುಂದಿನ್ ಶನಿವಾರ ಮತ್ತೆ ತುಂಬ್ತೀನಿ, ಈ ಸಲ ಹಿಂದ್ಗಡೆಯಿಂದ ತಿನ್ನು."