ಭಾಬಿ ಅಲುಗಾಡದೆ ಮಲಗಿದ ದಿನ

ಮೊನ್ನೆ ಸಿಂಧನೂರಿನ ದವಾಖಾನೆಯಲ್ಲಿ ನನ್ನ ಇಸಿಜಿ ತೆಗೆದರು. ಬಿಪಿ ಇದ್ದವರಿಗೆ ಆಗಾಗ ಇದೊಂದು ಪೂಜೆ ಇದ್ದದ್ದೇ. ನರ್ಸ್ ಹುಡುಗಿ ಎದೆಗೆ ತಣ್ಣನೆಯ ಜೆಲ್ಲಿ ಹಚ್ಚಿದಳು. ಸ್ಪಿರಿಟ್ಟೂ ಅಲ್ಲ, ಸೋಪೂ ಅಲ್ಲ, ಅಂಥದೊಂದು ವಾಸನೆ ಮೂಗಿಗೆ ಬಡಿಯಿತು ನೋಡಿ, ನನ್ನ ಕೈಕಾಲು ತಣ್ಣಗಾದವು. "ಯಾಕ್ರಿ ಆಂಟಿ, ಹಿಂಗ್ಯಾಕ ನಡಗಾಕತ್ತೀರಿ? ಇದು ಚುಚ್ಚೂದಲ್ರಿ" ಎಂದಳು. ಚುಚ್ಚುವುದಾಗಿದ್ದರೆ ನಾನು ಹೆದರುತ್ತಿರಲಿಲ್ಲ. ನನಗೆ ಭಾಬಿ ನೆನಪಾಗಿದ್ದಳು...

ಮಸ್ಕಿಯಲ್ಲಿ ನಮ್ಮದೂ ಅವಳದೂ ಒಂದೇ ಗೋಡೆಯ ಮನೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಆದರೂ ಓಣಿಗೆಲ್ಲ ಭಾಬಿ, ನನಗೂ ಭಾಬಿ. ಗಂಡ ಬಳಗಾನೂರು ಕಡೆಯಿಂದ ಭತ್ತದ ಚೀಲ ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಿದ್ದ. ಇವಳು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ನನ್ನ ಅಳತೆ ತೆಗೆಯುವಾಗಲೆಲ್ಲ, "ಅಕ್ಕಾ, ಈ ಟೇಪ್ ಸಾಲವಲ್ದು, ಲಿಂಗಸೂಗೂರಿನಿಂದ ಉದ್ದಂದು ತರಸ್ತೀನಿ ತಡೀರಿ" ಎಂದು ಕಾಡುತ್ತಿದ್ದಳು. ನಾನೂ ಬಿಡುತ್ತಿರಲಿಲ್ಲ, "ನಿನ್ನ ಟೇಪಿಗೆ ಬೆಂಕಿ ಹಾಕ" ಎಂದು ಬೈಯುತ್ತಿದ್ದೆ.

ತನ್ನ ಬಟ್ಟೆಗೆ ಮಾತ್ರ ಅವಳು ಕೊರಳನ್ನು ಮೇಲಕ್ಕೆ, ಗಂಟಲಿನ ತನಕ ಹೊಲಿದುಕೊಳ್ಳುತ್ತಿದ್ದಳು. ಒಳಗೆ ಎದೆಯ ನಡುವೆ ಉದ್ದಕ್ಕೂ ಇಳಿದ ಹಳೆಯ ಗಾಯದ ಗೆರೆ ಇತ್ತು. ಹುಟ್ಟುವಾಗಲೇ ಹೃದಯದಲ್ಲಿ ತೂತಂತೆ. ಅತ್ತರೆ ತುಟಿ, ಉಗುರು ನೀಲಿಯಾಗುತ್ತಿದ್ದವಂತೆ. ಸಣ್ಣವಳಿದ್ದಾಗಲೇ ದೊಡ್ಡ ಊರಿಗೆ ಒಯ್ದು ಆಪರೇಷನ್ ಮಾಡಿಸಿದ್ದರು. ತೂತು ಮುಚ್ಚಿತು, ಮಗು ಬದುಕಿತು, ಅಲ್ಲಿಗೆ ಕಥೆ ಮುಗಿಯಿತು ಎಂದುಕೊಂಡರು ಎಲ್ಲರೂ. ಆಮೇಲೆ ಯಾವ ಡಾಕ್ಟರನ್ನೂ ಯಾರೂ ಕೇಳಿರಲಿಲ್ಲ. ಮದುವೆಯಾಯಿತು, ಒಬ್ಬಳು ಮಗಳು ಹುಟ್ಟಿದಳು.

ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಅದು ಕಾಣಿಸಿಕೊಂಡಿತು. ಒಂದು ಬೆಳಿಗ್ಗೆ ಕೊಡ ಹೊತ್ತುಕೊಂಡು ಬಂದವಳು ಗೋಡೆಗೆ ಆತು ನಿಂತುಬಿಟ್ಟಳು. ಮುಖದಲ್ಲಿ ರಕ್ತವೇ ಇರಲಿಲ್ಲ. "ಅಕ್ಕಾ, ಎದಿ ಓಡಾಕತ್ತೈತಿ, ಹಿಡೀರಿ" ಎಂದು ನನ್ನ ಕೈಯನ್ನು ಎಳೆದು ಎದೆಗೆ ಒತ್ತಿಕೊಂಡಳು. ಅಯ್ಯೋ ದೇವರೇ! ಕೈಯಡಿ ಹಿಡಿದ ಕೋಳಿಮರಿಯ ಹಾಗೆ ಒಳಗೆ ಏನೋ ಒದ್ದಾಡುತ್ತಿತ್ತು. ಎಣಿಸಲಾಗದಷ್ಟು ಜೋರು. ಸ್ವಲ್ಪ ಹೊತ್ತಿಗೆ ತಾನೇ ನಿಂತಿತು. ಅವಳು ನೀರು ಕುಡಿದು ಹೊಲಿಗೆಗೆ ಕೂತಳು. ನನಗೆ ಮಾತ್ರ ಅವತ್ತಿಡೀ ಊಟ ಸೇರಲಿಲ್ಲ.

ಸಿಂಧನೂರಿನ ಡಾಕ್ಟರ ಹತ್ತಿರ ಅವಳನ್ನು ನಾನೇ ಕರೆದುಕೊಂಡು ಹೋದೆ. ಅವರು ಗಾಯದ ಗೆರೆ ನೋಡಿದರು, ಇಸಿಜಿ ತೆಗೆಸಿದರು, ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ಹೃದಯ ಬಡಿಯುವುದು ಅದರದೇ ಒಂದು ಕರೆಂಟಿನಿಂದ. ಸಣ್ಣಂದಿನಲ್ಲಿ ಹೊಲಿಗೆ ಹಾಕಿದ ಜಾಗ ಗಟ್ಟಿಯಾಗಿರುತ್ತದೆ. ವಯಸ್ಸಿಗೆ ಬಂದ ಮೇಲೆ ಕರೆಂಟು ಅಲ್ಲಿ ದಾರಿ ತಪ್ಪಿ ಸುತ್ತು ಹೊಡೆಯಬಹುದು. ಆಗ ಎದೆ ಓಡುತ್ತದೆ. ಓಡುವಾಗಲೇ ಹಿಡಿಯಬೇಕು, ಹಿಡಿದರೆ ಉಪಾಯ ಉಂಟು, ಬಿಟ್ಟರೆ ಜೀವಕ್ಕೆ ಅಪಾಯ. ಅದಕ್ಕಾಗಿ ಒಂದು ಹಗಲು ಒಂದು ರಾತ್ರಿ ಬಡಿತವನ್ನೆಲ್ಲ ಬರೆದುಕೊಳ್ಳುವ ಒಂದು ಪೆಟ್ಟಿಗೆಯನ್ನು ಮೈಮೇಲೆ ಕಟ್ಟಿಕೊಂಡಿರಬೇಕು. ಭಾಬಿ ಎಲ್ಲವನ್ನೂ ಕೇಳಿಸಿಕೊಂಡು, "ಹೊಲಿಗಿ ಹಾಕಿದಲ್ಲಿ ಬಟ್ಟಿ ಸುಕ್ಕು ಬೀಳ್ತೈತಲ್ರಿ, ಹಂಗ" ಎಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ಪೆಟ್ಟಿಗೆ ಕಟ್ಟಿದ್ದು ಲಿಂಗಸೂಗೂರಿನಲ್ಲಿ. ಎದೆಗೆ ಅಂಟುಪಟ್ಟಿ, ಅದರಿಂದ ವೈರು, ಸೊಂಟಕ್ಕೆ ಅಂಗೈಯಗಲದ ಪೆಟ್ಟಿಗೆ. ಕಟ್ಟಿದ ಹುಡುಗ, "ದಿನಾ ಏನೇನು ಮಾಡ್ತೀರಿ ಎಲ್ಲಾ ಮಾಡ್ರಿ. ಜಳಕ ಒಂದು ಬ್ಯಾಡ" ಎಂದ. ನಾವು ಹೂಂ ಎಂದೆವು. ಮನೆಗೆ ಬರುವಷ್ಟರಲ್ಲಿ ಆ ಮಾತಿನಲ್ಲಿ ಉಳಿದದ್ದು ಜಳಕ ಬೇಡ ಎನ್ನುವುದಷ್ಟೇ!

ಅವಳ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. ಒಳ್ಳೆಯ ಹೆಂಗಸು, ಸೊಸೆ ಎಂದರೆ ಪ್ರಾಣ. ಪೆಟ್ಟಿಗೆ ನೋಡಿದ್ದೇ ಗಾಬರಿಯಾಗಿ, "ಮೈಮ್ಯಾಲ ಕರೆಂಟ್ ಐತಿ, ಇನ್ನೊಂದು ಕರೆಂಟ್ ಹತ್ರ ಬರಬಾರ್ದು" ಎಂದು ಕೂಗಿದಳು. ಹೊಲಿಗೆ ಮಷೀನಿನ ವೈರು ಕಿತ್ತಳು. ಫ್ರಿಜ್ ಬಂದ್, ಫ್ಯಾನ್ ಬಂದ್. ನಮ್ಮ ಮನೆಯ ಮಿಕ್ಸರ್, ಟಿವಿ ಬಂದ್. ಓಣಿಯ ಬೋರಿನ ಮೋಟಾರನ್ನೂ ಯಾರೂ ಹಾಕಲಿಲ್ಲ. ಇಡೀ ಓಣಿ ತುಟಿ ಪಿಟಕ್ಕೆನ್ನದೆ ಒಪ್ಪಿತು. ನಡುವೆ ಮಸ್ಕಿಯ ಕರೆಂಟು ತಾನಾಗಿಯೇ ಹೋದಾಗ ಮುದುಕಿ ಎರಡೂ ಕೈಯೆತ್ತಿ ಅಲ್ಲಾನಿಗೆ ಶುಕ್ರ್ ಹೇಳಿದಳು.

ಭಾಬಿಯನ್ನು ಮಂಚದ ಮೇಲೆ ಮಲಗಿಸಿದೆವು. ಅಲುಗಾಡಿದರೆ ಪೆಟ್ಟಿಗೆಯಲ್ಲಿ ಗೆರೆ ಸೊಟ್ಟಗೆ ಬರುತ್ತದೆ, ಫೋಟೋ ತೆಗೆಸಿದ ಹಾಗೆ ಸುಮ್ಮನಿರಬೇಕು ಎಂದು ಯಾರೋ ಅಂದರು; ಎಲ್ಲರಿಗೂ ಸರಿ ಎನ್ನಿಸಿತು. ನಾನು ಅನ್ನ ಸಾರು ಮಾಡಿ ಕೊಟ್ಟೆ, ಒಬ್ಬಳು ಪಾತ್ರೆ ತಿಕ್ಕಿದಳು, ಒಬ್ಬಳು ಕಾಲೊತ್ತಿದಳು. ರಿಪೋರ್ಟು ಚೆನ್ನಾಗಿ ಬರಬೇಕು, ಅಷ್ಟೇ ನಮ್ಮ ಆಸೆ. "ಅಕ್ಕಾ, ಇವತ್ತು ಎದಿ ಗಪ್ ಕುಂತೈತಿ ನೋಡ್ರಿ. ದಿನಾ ಹಿಂಗ ರಾಣಿ ಮಾಡ್ರಿ ನನ್ನ" ಎಂದು ಭಾಬಿ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ಹಾಗೆ ನಕ್ಕದ್ದು...

ರಿಪೋರ್ಟು ಸಾಫ್ ಬಂತು. ಮುದುಕಿ ದರ್ಗಾದಲ್ಲಿ ಹರಕೆಯ ಸಕ್ಕರೆ ಓದಿಸಿಕೊಂಡು ಬಂದು ಮನೆಮನೆಗೂ ಹಂಚಿದಳು. ನಾನೂ ಬಾಯಿ ತುಂಬ ತಿಂದೆ.

ಹೆಚ್ಚು ದಿನ ಕಳೆಯಲಿಲ್ಲ, ಎದೆ ಮತ್ತೆ ಓಡತೊಡಗಿತು. ಕೊಡ ಎತ್ತಿದರೆ, ಬಸ್ಸಿಗೆ ಅವಸರದಲ್ಲಿ ನಡೆದರೆ, ಮಷೀನಿನ ಮುಂದೆ ಬಗ್ಗಿ ಕೂತರೆ. ಈಗ ಅವಳ ಮಾತಿಗೆ ಬೆಲೆಯಿರಲಿಲ್ಲ. ಗಂಡ ಪ್ರೀತಿಯಿಂದಲೇ, "ರಿಪೋರ್ಟ್ ಸಾಫ್ ಐತಿ, ನಿನ್ನ ಮನಸಿನ ಅಂಜಿಕಿ ಅದು" ಎನ್ನುತ್ತಿದ್ದ. ಅತ್ತೆ ತಾಯಿತ ಕಟ್ಟಿಸಿದಳು. ಒಂದು ಸಂಜೆ ಗೋಡೆಯಾಚೆಯಿಂದ ಮೆಲ್ಲಗೆ ಕರೆದು, "ಅಕ್ಕಾ, ಮೊದಲು ಎದಿ ಅಂಜಸ್ತಿತ್ತು. ಈಗ ಹೇಳಾಕೂ ಅಂಜಿಕಿ ಆಗಾಕತ್ತೈತಿ" ಎಂದಳು. ಮದುವೆ ಸೀಜನ್ನಿನ ರವಿಕೆಗಳು ಮುಗಿದ ಮೇಲೆ ಮತ್ತೆ ಸಿಂಧನೂರಿಗೆ ಹೋಗೋಣ ಎಂದು ಇಬ್ಬರೇ ಮಾತಾಡಿಕೊಂಡೆವು.

ಅವತ್ತು ನಾನು ಅಕ್ಕಿ ಆರಿಸುತ್ತಿದ್ದೆ. ಆಚೆ ಮಷೀನಿನ ಸದ್ದು ನಡುವೆಯೇ ನಿಂತಿತು. ದಾರ ಹರಿದಿರಬೇಕು ಎಂದುಕೊಂಡೆ. ಮತ್ತೆ ಶುರುವಾಗುತ್ತದೆ ಎಂದು ಕಾದೆ. ಆಗಲಿಲ್ಲ. "ಭಾಬೀ" ಎಂದು ಕೂಗಿದೆ. ಓಡಿಹೋದೆ. ಯಾರದೋ ಕೆಂಪು ರವಿಕೆಯ ಮೇಲೆ ತಲೆಯಿಟ್ಟಿದ್ದಳು, ಒಂದು ಕೈ ಎದೆಯ ಮೇಲಿತ್ತು. ಗೂಡ್ಸ್ ಆಟೋದಲ್ಲಿ ಒಯ್ದೆವು, ಆದರೆ ಅವಳು ಮನೆಯಲ್ಲೇ ಹೋಗಿಬಿಟ್ಟಿದ್ದಳು.

ಮಣ್ಣಾದ ಮೇಲೆ ಗಂಡ ಆ ರಿಪೋರ್ಟು ಹಿಡಿದುಕೊಂಡು ಸಿಂಧನೂರಿನ ಡಾಕ್ಟರ ಹತ್ತಿರ ಹೋದ, ಜೊತೆಗೆ ನಾನೂ. ಪೆಟ್ಟಿಗೆ ಕಟ್ಟಿದ ದಿನ ಏನು ಕೆಲಸ ಮಾಡಿದ್ದಳು ಎಂದು ಕೇಳಿದರು. "ಏನೂ ಮಾಡಗೊಟ್ಟಿಲ್ರಿ ಸರ್, ಕೈ ತೊಳಕೊಳ್ಳಾಕ ಸುದ್ದ ಬಿಟ್ಟಿಲ್ಲ" ಎಂದ ಪಾಪ, ಹೆಮ್ಮೆಯಿಂದ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಲಗಿಸಿಬಿಟ್ರಾ..." ಎಂದರು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ದಿನಾ ಮಾಡುವುದನ್ನೆಲ್ಲ ಮಾಡಿರಿ ಎಂದಿದ್ದ ಲಿಂಗಸೂಗೂರಿನ ಹುಡುಗನ ಮಾತು ನನಗೆ ಅಲ್ಲಿಯೇ ಇಡಿಯಾಗಿ ನೆನಪಾಯಿತು.

ಮೊನ್ನೆ ನನ್ನ ಇಸಿಜಿ ಮುಗಿಸಿ ಮಸ್ಕಿಗೆ ಬಂದಾಗ ಭಾಬಿಯ ಮಗಳು ನಮ್ಮ ಮನೆಯಲ್ಲಿ ಕೂತಿದ್ದಳು. ಈಗ ಲಿಂಗಸೂಗೂರಿನಲ್ಲಿ ಕಾಲೇಜು ಓದುತ್ತಾಳೆ, ರಜೆಗೆ ಬಂದಿದ್ದಳು. ನನ್ನ ಮುಖ ನೋಡಿ ಏನಾಯಿತು ಎಂದಳು. ನಿನ್ನ ಅಮ್ಮಿ ನೆನಪಾದಳು ಎಂದೆ. ಹುಡುಗಿ ಪಕ್ಕಕ್ಕೆ ಬಂದು ಕೂತಳು. "ದೊಡ್ಡಮ್ಮ, ಅಮ್ಮಿ ಆರಾಮ ಹೋದ್ಲು, ಆಕಿಗಿ ಏನೂ ಗೊತ್ತಾಗ್ಲಿಲ್ಲ ಅಂತ ಎಲ್ಲಾರೂ ಹೇಳ್ತಾರ. ಖರೇನಾ?" ಎಂದಳು.

ಇಷ್ಟು ವರ್ಷ ನಾನೂ ಅದನ್ನೇ ಹೇಳಿಕೊಂಡು ಬಂದಿದ್ದೆ. ಮೊನ್ನೆ ಮಾತ್ರ ಅದನ್ನು ಹೇಳಲು ಬಾಯಿ ಬರಲಿಲ್ಲ.

"ಇಲ್ಲವ್ವಾ," ಎಂದೆ. "ಆಕಿ ಒಬ್ಬಾಕಿಗೇ ಗೊತ್ತಿತ್ತು."