ನಶ್ಯದ ಮುದುಕಿ ಇಲ್ಲದ ಸಿನಿಮಾ

ಮುಂಡರಗಿಯಲ್ಲಿ ನಾಲ್ಕನೇ ಇಯತ್ತೆ ಮುಗಿಯುವುದರೊಳಗೆ ನನ್ನನ್ನು ಶಾಲೆ ಬಿಡಿಸಿದರು. ಅಕ್ಷರ ಮಾತ್ರ ನನ್ನನ್ನು ಬಿಡಲಿಲ್ಲ. ಮದುವೆಯಾಗಿ ಬೆಟಗೇರಿಗೆ ಬಂದ ಮೇಲೆ ವಾಚನಾಲಯದ ಕಾದಂಬರಿಗಳನ್ನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದೆ. ಹಾಗೆ ಓದಿದ್ದ ಒಂದು ಕಾದಂಬರಿ ಸಿನಿಮಾ ಆಗಿ ಗದುಗಿಗೆ ಬಂತು. ಗಂಡನ ಬೆನ್ನು ಹತ್ತಿ ಹೋದೆ. ಪುಸ್ತಕದ ನಾಯಕಿ ಕಪ್ಪು ಹೆಂಗಸು, ಮುಖದ ಮೇಲೆ ಸಿಡುಬಿನ ಕಲೆ. ಆ ಕಲೆಯಿಂದಲೇ ಕಥೆ ನಡೆಯುತ್ತದೆ. ಪರದೆಯ ಮೇಲೆ ಬಂದವಳು ಹಾಲಿನಲ್ಲಿ ತೊಳೆದಂತಿದ್ದಳು.

"ಏಳ್ರಿ, ಮನಿಗೆ ಹೋಗೋಣು. ಇಕಿ ಆಕಿ ಅಲ್ಲ," ಎಂದೆ.

"ಸಂತ್ಯಾಗ ಕುಂತಂಗ ಒದರಬ್ಯಾಡ. ಸುಮ್ಮ ನೋಡು," ಎಂದರು ಅವರು.

ಕಣ್ಣು ಮುಚ್ಚಿಕೊಂಡು ಕೂತೆ. ಅಂದಿನಿಂದ ಪುಸ್ತಕದ ಸಿನಿಮಾ ಎಂದರೆ ನನಗೆ ಆಗುತ್ತಿರಲಿಲ್ಲ.

ಈಗ ನನ್ನ ಸೊಸೆ ಮನೆಯಲ್ಲಿ ಖಡಕ್ ರೊಟ್ಟಿ ಮಾಡಿಸಿ ಮಾರುತ್ತಾಳೆ. ಓಣಿಯ ಹೆಂಗಸರು ಬಂದು ಬಡಿಯುತ್ತಾರೆ. ನನ್ನ ಮಣಿಕಟ್ಟು ಸೋತಿದೆ, ಬಡಿಯಲಾಗುವುದಿಲ್ಲ. ಹಾಗಾಗಿ ಅವರಿಗೆ ಕಾದಂಬರಿ ಓದುತ್ತೇನೆ. ರೊಟ್ಟಿ ಮಾಡುವವರಿಗೆ ಕೈ ಹಿಟ್ಟಿನಲ್ಲಿ, ಕಣ್ಣು ಹಂಚಿನ ಮೇಲೆ, ಕಿವಿ ಮಾತ್ರ ಖಾಲಿ. ಆ ಕಿವಿಗಳು ನನ್ನವು. ಈ ವಯಸ್ಸಿನಲ್ಲಿ ಇಂಥದೊಂದು ಕೆಲಸ ಇರುವುದು ಸಣ್ಣ ಮಾತಲ್ಲ. ಅದು ಹೋದರೆ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂರಬೇಕು.

ಹೋದ ಚಳಿಗಾಲ ಒಂದು ದಪ್ಪ ಕಾದಂಬರಿ ಅರ್ಧಕ್ಕೆ ಬಂದಿತ್ತು. ಅದರಲ್ಲಿ ನಶ್ಯ ಏರಿಸುವ ಒಬ್ಬ ಮುದುಕಿ. ಊರ ಸಾಹುಕಾರ ದೊಡ್ಡ ಮಾತು ತೆಗೆದಾಗಲೆಲ್ಲ ಅವನ ಎದುರೇ ಸೀನಿ ಮಾತು ಕೆಡಿಸುವವಳು. ಅವಳು ಬಂದರೆ ಹೆಂಗಸರಿಗೆ ನಗು ತಡೆಯುತ್ತಿರಲಿಲ್ಲ. ನಾನೂ ಅವಳ ಮಾತನ್ನು ಮೂಗಿನಲ್ಲೇ ಓದುತ್ತಿದ್ದೆ.

ಒಂದು ದಿನ ಪಕ್ಕದ ಮನೆಯ ಸೊಸೆ ಮೊಬೈಲ್ ಹಿಡಿದುಕೊಂಡೇ ರೊಟ್ಟಿ ಬಡಿಯಲು ಬಂದಳು.

"ಅಮ್ಮಾ, ನೀವು ಓದೋ ಕಥಿ ಸಿನಿಮಾ ಆಗೇತಿ. ಇದರಾಗ ಐತಿ ನೋಡ್ರಿ. ಇನ್ನ ನಿಮ್ಮ ಗಂಟಲಕ್ಕ ಸೂಟಿ!"

"ನನ್ನ ಗಂಟಲ ರಜಾ ಬೇಕಂತ ನಿನಗ ಅರ್ಜಿ ಕೊಟ್ಟಿತ್ತೇನ?"

ಎಲ್ಲರೂ ನಕ್ಕರು. ಆದರೂ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟೇ ಬಿಟ್ಟರು. ನಾನು ಪುಸ್ತಕ ಮುಚ್ಚಿ ಗೋಡೆಗೆ ಮುಖ ಮಾಡಿದೆ. ನನ್ನ ಕೆಲಸ ಹೋಯಿತು ಎಂದೇ ತಿಳಿದೆ.

ಆದರೆ ಎಷ್ಟು ಹೊತ್ತು ಗೋಡೆ ನೋಡುವುದು? ಓರೆಗಣ್ಣು ಹೋಯಿತು. ಮಗಳು ಊರು ಬಿಟ್ಟ ಮೇಲೆ ತಾಯಿಗೆ ಆಗುವ ಸಂಕಟ ಪುಸ್ತಕದಲ್ಲಿ ಎರಡು ಪುಟ ಇದೆ. ನಾನು ಎಡವಿ ಎಡವಿ ಓದಿದ್ದೆ. ಸಿನಿಮಾದಲ್ಲಿ ಆ ತಾಯಿ ಮಗಳು ಉಂಡ ತಾಟನ್ನು ತೊಳೆದು ಒರೆಸಿ, ಮತ್ತೆ ಅದರಲ್ಲೇ ಅನ್ನ ಬಡಿಸಿದಳು. ಅಷ್ಟೇ. ಒಂದು ಮಾತಿಲ್ಲ. ನಾನು ಜರುಗಿ ಜರುಗಿ ಮುಂದೆ ಬಂದೆ. "ಸರೀರಿ ಅತ್ಲಾಗ, ಕಾಣವಲ್ದು," ಎಂದವಳೂ ನಾನೇ.

ಹೊಗೆ ಎದ್ದಾಗಲೇ ನಮಗೆ ಎಚ್ಚರ. ಶಿಗ್ಲಿಯ ಮದುವೆಮನೆಗೆ ಸಂಜೆ ಹೋಗಬೇಕಿದ್ದ ರೊಟ್ಟಿ ಹಂಚಿನ ಮೇಲೆ ಇದ್ದಿಲಾಗಿದ್ದವು. ಸೊಸೆ ಅಂಗಳದಿಂದ ಓಡಿ ಬಂದಳು.

"ಅತ್ತೀ, ಇವರಿಗೆ ಬುದ್ಧಿ ಇಲ್ಲ, ನಿಮಗರ ಇರಬಾರದೇನ್ರಿ?"

"ನನಗೂ ಇಲ್ಲವ್ವಾ. ಮೊದ್ಲ ಆ ಮೊಬೈಲ್ ನಿಂದರಸು, ಕಥಿ ಮುಂದ ಹೊಂಟೈತಿ."

ಅವಳು ಮೊಬೈಲ್ ಕಸಿದು ಟೊಂಕಕ್ಕೆ ಸಿಕ್ಕಿಸಿಕೊಂಡಳು. "ಒಲಿ ಮುಂದ ಇದು ಬ್ಯಾಡ. ಪುಸ್ತಕ ಮುಗಿದ ಮ್ಯಾಲೆ, ಸೂಟಿ ದಿನ ನೋಡ್ರಿ."

ಮತ್ತೆ ಹಿಟ್ಟು ನಾದುವಾಗ ಒಬ್ಬಳು ತಲೆ ಎತ್ತಿದಳು. "ಅಲ್ಲವ್ವಾ, ನಶ್ಯದ ಮುದುಕಿ ಎಲ್ಲಿ ಹ್ವಾದ್ಲು?"

"ಹೌದಲ್ಲ! ಸಾಹುಕಾರ ಬಂದ, ಪಂಚಾಯ್ತಿ ಆತು, ಸೀನೋರು ಯಾರೂ ಇಲ್ಲ. ಆಕಿನ್ನ ತಗದ ಒಗದಾರ ಖೋಡಿಗೋಳು," ಎಂದಳು ಇನ್ನೊಬ್ಬಳು.

ಮೊಬೈಲ್ ತಂದವಳೇ ನನ್ನ ಕಡೆ ತಿರುಗಿದಳು. "ಅಮ್ಮಾ, ಪುಸ್ತಕ ತೆಗೀರಿ. ಆಕಿ ಸೀನೂದು ಮೊದ್ಲಿಂದ ಓದ್ರಿ."

"ಸಿನಿಮಾ ಐತೆಲ್ಲ ನಿನಗ?"

"ಸಿಟ್ಟು ಬಿಡ್ರಿ. ಮುದುಕಿ ಇಲ್ಲಂದ್ರ ಕೈ ಓಡವಲ್ದು."

"ಯಾವ ಮುದುಕಿ?"

"ಇಬ್ರೂ ಅಂತ ತಿಳಕೋರಿ."

ನಾನು ಅವಸರ ಮಾಡಲಿಲ್ಲ. ಕನ್ನಡಕ ಒರೆಸಿದೆ, ನೀರು ಕುಡಿದೆ, ಅವರನ್ನು ಒಂದಿಷ್ಟು ಕಾಯಿಸಿದೆ. ಆಮೇಲೆ ಓದಿದೆ. ಮದುವೆಮನೆಯ ರೊಟ್ಟಿ ತಡವಾಗಿಯಾದರೂ ಹೋದವು.

ಪುಸ್ತಕ ಮುಗಿದ ಮೇಲಿನ ಸೋಮವಾರ ಒಲೆ ಹಚ್ಚಲಿಲ್ಲ. ಎಲ್ಲರೂ ಕಾಲು ಚಾಚಿ ಆ ಸಿನಿಮಾ ನೋಡಿದೆವು. ತಾಟಿನ ಭಾಗವನ್ನು ನಾನೇ ತಿರುಗಿ ಹಾಕಿಸಿದೆ. ಮುದುಕಿ ಬರಬೇಕಾದ ಕಡೆಯೆಲ್ಲ ಅವರು ಮೊಬೈಲ್ ನಿಲ್ಲಿಸಿ ನನ್ನಿಂದ ಓದಿಸಿದರು, ಎಲ್ಲರೂ ಕೂಡಿ ಸೀನಿದರು. ಸಿನಿಮಾ ಮುಗಿಯುವ ಹೊತ್ತಿಗೆ ದೀಪ ಹಚ್ಚುವ ಹೊತ್ತಾಗಿತ್ತು.